ಹಾಲಿನ ಋಣ ಯಾರದು?

ಕಳೆದ ವರ್ಷ ನಮ್ಮ ಮನೆಯಲ್ಲಿ ಮೊಮ್ಮಗಳ ನಾಮಕರಣವಾಯಿತು. ಸೊಸೆಯ ತವರು ದೂರದ ಶಿವಮೊಗ್ಗ. ಆಕೆಯ ತಾಯಿಯೇ ಮುಂಬಯಿಗೆ ಬಂದು ಬಾಣಂತನಕ್ಕೆ ನಿಂತಿದ್ದರು. ಮಗುವನ್ನು ತೊಟ್ಟಿಲಿಗೆ ಹಾಕಿ, ಹೆಸರಿಟ್ಟು, ಊಟ ಮುಗಿದ ಮೇಲೆ ಹೆಂಗಸರೆಲ್ಲ ಬಾಣಂತಿಯ ಕೋಣೆಯಲ್ಲಿ ಸೇರಿದರು. ಮಗು ಒಂದೇ ಸಮನೆ ಅಳುತ್ತಿತ್ತು. ಬಂದವರು ಒಬ್ಬೊಬ್ಬರಾಗಿ ಕೇಳುತ್ತಿದ್ದುದು ಒಂದೇ ಪ್ರಶ್ನೆ. ಕೊನೆಗೆ ನಮ್ಮ ಅಕ್ಕನೂ ಕೇಳಿದಳು: "ಏನಮ್ಮಾ, ಹಾಲು ಸಾಲುತ್ತಾ ಮಗೂಗೆ? ಯಾಕೆ ಇಷ್ಟೊಂದು ಅಳ್ತಾಳೆ?" ಸೊಸೆ ತಲೆ ತಗ್ಗಿಸಿದಳು. ಅವಳ ಕಣ್ಣಲ್ಲಿ ನೀರಾಡಿತು.

ಆಗ ನಮ್ಮ ಮನೆಯಾಕೆ, ಮೂವತ್ತೈದು ವರ್ಷಗಳಿಗೂ ಮೀರಿದ ಸಂಸಾರದಲ್ಲಿ ಅತ್ತಿಗೆಯೆದುರು ಒಮ್ಮೆಯೂ ದನಿ ಎತ್ತದವಳು, ಹೇಳಿದಳು: "ಅತ್ತಿಗೆ, ಹಾಲು ಸಾಲುತ್ತಾ ಅಂತ ಬೆಳಗಿನಿಂದ ಎಲ್ಲರೂ ಕೇಳಿದ್ರಿ. ರಾತ್ರಿ ಎಷ್ಟು ಹೊತ್ತು ನಿದ್ದೆ ಮಾಡಿದೆ ಅಂತ ಅವಳನ್ನ ಒಬ್ಬರಾದ್ರೂ ಕೇಳಿದ್ರಾ?"

ಕೋಣೆ ಸ್ತಬ್ಧವಾಯಿತು. ಬಾಗಿಲ ಹೊರಗೆ ತಾಂಬೂಲದ ತಟ್ಟೆ ಹಿಡಿದು ನಿಂತಿದ್ದ ನಮಗೂ ಆ ಮಾತು ತಗುಲಿತು. ಏಕೆಂದರೆ ನಾವೂ ಕೇಳಿರಲಿಲ್ಲ. ಆ ಪ್ರಶ್ನೆಯನ್ನೇ ಇಂದು ಸದಸ್ಯ ಬಾಂಧವರ ಮುಂದೆ ಇಡಬೇಕೆಂದು ಈ ಬರಹ.

'ತಾಯಿಯ ಹಾಲಿನ ಋಣ' ಎಂದು ನಾವೆಲ್ಲ ಹೇಳುತ್ತೇವೆ. ಮಗ ತಾಯಿಯನ್ನು ಕಡೆಗಣಿಸಿದರೆ ಹಾಲಿನ ಋಣ ಮರೆತ ಎನ್ನುತ್ತೇವೆ. ಈ ಲೆಕ್ಕದಲ್ಲಿ ಕೊಟ್ಟವಳು ತಾಯಿ, ಪಡೆದದ್ದು ಮಗು. ನಡುವೆ ಬೇರೆ ಯಾರ ಹೆಸರೂ ಇಲ್ಲ. ತಾಯಿ ಕೊಡದೆ ಹೋದರೆ ಅವಳು ಕರ್ತವ್ಯಭ್ರಷ್ಟೆ. ಮಗು ಮರೆತರೆ ಅದು ಕೃತಘ್ನ. ಉಳಿದ ನಾವೆಲ್ಲರೂ ಸಾಕ್ಷಿಗಳು, ಇಲ್ಲವೇ ನ್ಯಾಯಾಧೀಶರು. ಈ ಲೆಕ್ಕ ಸರಿಯೆ?

ಮೊದಲು ಆ ಹಾಲು ಎಂಥದೆಂಬುದನ್ನು ನೋಡೋಣ. ಹೆರಿಗೆಯಾದ ಮೊದಲ ಎರಡು ಮೂರು ದಿನ ಬರುವುದು ಹಳದಿ ಬಣ್ಣದ, ಗಟ್ಟಿಯಾದ, ಚಮಚಗಳಲ್ಲಿ ಅಳೆಯುವಷ್ಟೇ ಹಾಲು. ಅದೇ ಗಿಣ್ಣು. ಕರುಳಿನ ಒಳಗೋಡೆಗೆ ರೋಗಾಣು ಅಂಟದಂತೆ ಕಾಯುವ ಪ್ರತಿಕಾಯಗಳು ಅದರಲ್ಲಿ ತುಂಬಿರುತ್ತವೆ. ಮಗುವಿಗೆ ದೊರೆಯುವ ಮೊದಲ ರೋಗರಕ್ಷೆ ಇದೆಂದರೆ ತಪ್ಪಾಗದು. ನಮ್ಮ ಹಳ್ಳಿಗಳಲ್ಲಿ ಎಮ್ಮೆ ಈದರೆ ಅದರ ಗಿಣ್ಣುಹಾಲಿಗೆ ಬೆಲ್ಲ ಏಲಕ್ಕಿ ಸೇರಿಸಿ ಬೇಯಿಸಿ, ನೆರೆಹೊರೆಗೆ ಹಂಚಿ, ಬಾಯಿ ಚಪ್ಪರಿಸಿ ತಿನ್ನುತ್ತೇವೆ. ತಾಯಿಯ ಗಿಣ್ಣನ್ನು ಮಾತ್ರ ಕೆಟ್ಟ ಹಾಲೆಂದು ಹಿಂಡಿ ಚೆಲ್ಲಿಸಿದ ಮನೆಗಳು ಎಷ್ಟೋ! ಹೆಣ್ಣಿಗೆ ಹಾಲು ಇಳಿಯುವುದು ಮೂರು ನಾಲ್ಕು ರಾತ್ರಿಗಳ ಮೇಲೆ, ಅಲ್ಲಿಯವರೆಗೆ ಜೇನು ತುಪ್ಪ ನೆಕ್ಕಿಸಬೇಕೆಂದು ಸುಶ್ರುತ ಸಂಹಿತೆಯೂ ಹೇಳಿತು. ಹಿರಿಯರ ಮೇಲಿನ ಗೌರವಕ್ಕೆ ಕುಂದಿಲ್ಲದೆ ಇಲ್ಲಿ ಅವರಿಂದ ಬೇರೆಯಾಗಬೇಕಾಗಿದೆ. ಗಿಣ್ಣು ಚೆಲ್ಲತಕ್ಕದ್ದಲ್ಲ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೂಡದು, ಅದರಿಂದ ಅಪರೂಪವಾದರೂ ಪ್ರಾಣಕ್ಕೇ ಎರವಾಗುವ ವಿಷಬಾಧೆ ಉಂಟಾಗಬಲ್ಲುದು.

ಆಮೇಲಿನ ಹಾಲಿನಲ್ಲಿ ನೂರಕ್ಕೆ ಸುಮಾರು 87 ಭಾಗ ನೀರು. ಅದಕ್ಕೇ ಬೇಸಗೆಯಲ್ಲಿಯೂ ಆರು ತಿಂಗಳು ತುಂಬುವವರೆಗೆ ಮಗುವಿಗೆ ಬೇರೆ ನೀರು ಬೇಡ. ಹಸುವಿನ ಹಾಲಿನಲ್ಲಿ ಸುಮಾರು 3.3 ಭಾಗವಿರುವ ಪ್ರೋಟೀನು ಇದರಲ್ಲಿ ಒಂದು ಭಾಗದಷ್ಟೇ. ಎದ್ದು ಓಡಾಡಲು ಸುಮಾರು ಒಂದು ವರ್ಷ ಹಿಡಿಯುವ ಮಗುವಿಗೆ, ಹುಟ್ಟಿದ ದಿನವೇ ಎದ್ದು ನಿಲ್ಲುವ ಕರುವಿನ ಆಹಾರ ಹೊಂದುವುದು ಹೇಗೆ? ಮಗುವಿಗೆ ತಾನೇ ಜೀರ್ಣಿಸಿಕೊಳ್ಳಲಾಗದ ಕೆಲವು ಸಕ್ಕರೆಗಳೂ ಇದರಲ್ಲಿವೆ. ಅವು ಮಗುವಿನ ಕರುಳಿನಲ್ಲಿ ನೆಲಸಬೇಕಾದ ಒಳ್ಳೆಯ ಸೂಕ್ಷ್ಮಜೀವಿಗಳಿಗೆ ಇಟ್ಟ ಊಟ. ಇನ್ನೊಂದು ಸೋಜಿಗವೂ ಉಂಟು. ಆ ಮನೆಯಲ್ಲಿ, ಆ ಗಲ್ಲಿಯಲ್ಲಿ ಸುಳಿದಾಡುವ ರೋಗಾಣು ತಾಯಿಯ ದೇಹ ಹೊಕ್ಕಾಗ ಅವಳ ದೇಹ ಅದಕ್ಕೆ ಪ್ರತಿಕಾಯ ತಯಾರಿಸಿ ಹಾಲಿನ ಮೂಲಕ ಮಗುವಿಗೆ ದಾಟಿಸುತ್ತದೆ. ಧಾರಾವಿಯ ತಾಯಿಯ ಹಾಲಿನಲ್ಲಿ ಧಾರಾವಿಯ ಬೇನೆಗೆ ಮದ್ದು, ದಾವಣಗೆರೆಯವಳ ಹಾಲಿನಲ್ಲಿ ದಾವಣಗೆರೆಯ ಬೇನೆಗೆ. ಯಾವ ಕಾರ್ಖಾನೆ ಇದನ್ನು ಮಾಡಬಲ್ಲುದು?

ತಾಯಿಹಾಲು ಸರ್ವಸಂಪೂರ್ಣವೆಂದೂ ಹೇಳಲಾಗದು. ವಿಟಮಿನ್ ಡಿ ಅದರಲ್ಲಿ ಕಡಿಮೆ, ಆದುದರಿಂದ ವೈದ್ಯರು ಹನಿಗಳನ್ನು ಬರೆದುಕೊಡುತ್ತಾರೆ. ಆರು ತಿಂಗಳ ಮೇಲೆ ಅದೊಂದೇ ಸಾಲದು, ಮೆತ್ತನೆಯ ಅನ್ನ ಬೇಳೆ ಸೇರಬೇಕು. ಆದರೂ ಭೇದಿ, ಕಿವಿಯ ಸೋಂಕು, ನ್ಯುಮೋನಿಯಾಗಳಿಂದ ಅದು ಮಗುವನ್ನು ಕಾಯುತ್ತದೆಂಬುದರಲ್ಲಿ ಸಂದೇಹವಿಲ್ಲ. ಎಲ್ಲ ತಾಯಂದಿರೂ ಸರಿಯಾಗಿ ಹಾಲೂಡುವಂತಾದರೆ ಜಗತ್ತಿನಲ್ಲಿ ವರ್ಷಕ್ಕೆ 8,23,000 ಮಕ್ಕಳ ಸಾವನ್ನೂ, ಸ್ತನ ಕ್ಯಾನ್ಸರಿನಿಂದಾಗುವ 20,000 ಹೆಂಗಸರ ಸಾವನ್ನೂ ತಪ್ಪಿಸಬಹುದೆಂದು 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆ 2016ರಲ್ಲಿ ಅಂದಾಜು ಮಾಡಿತು.

ಇಷ್ಟು ಕೇಳಿದೊಡನೆ ನಾವು ಮಾಡುವುದೇನು? ತಾಯಿಯ ಕಡೆ ಬೆರಳು ತೋರಿಸುತ್ತೇವೆ. "ಇಷ್ಟು ಒಳ್ಳೆಯದಿರುವಾಗ ಏಕೆ ಕೊಡುವುದಿಲ್ಲ?" ಎನ್ನುತ್ತೇವೆ. ನಾವು ಎಡವುವುದು ಇಲ್ಲಿಯೇ.

ಹಾಲು ಕೊಡದಲ್ಲಿ ತುಂಬಿಟ್ಟ ನೀರಲ್ಲ. ಮಗು ಚೀಪಿದಷ್ಟೂ ಅದು ಹುಟ್ಟುತ್ತದೆ, ಚೀಪದಿದ್ದರೆ ಬತ್ತುತ್ತದೆ. ಹುಟ್ಟಿದ ಹಾಲು ಹೊರಗೆ ಹರಿಯಬೇಕಾದರೆ ತಾಯಿಯ ಮಿದುಳಿನಿಂದ ಒಂದು ರಸ ಸ್ರವಿಸಬೇಕು. ಆಕ್ಸಿಟೋಸಿನ್ ಎಂದು ಅದರ ಹೆಸರು. ಮಗುವಿನ ಅಳು ಕೇಳಿದರೆ, ಮಗುವನ್ನು ನೆನೆದರೆ ಸಾಕು, ಅದು ಸ್ರವಿಸುತ್ತದೆ. ನೋವು, ಭಯ, ಚಿಂತೆ, ನಾಲ್ಕು ಜನರ ಮುಂದಿನ ಸಂಕೋಚ ಇವು ಅದನ್ನು ತಡೆಯುತ್ತವೆ. ಎಂದ ಮೇಲೆ "ಹಾಲು ಸಾಲುತ್ತಾ?" ಎಂದು ಹತ್ತು ಸಲ ಕೇಳುವುದೇ ಹಾಲು ಸಾಲದಂತೆ ಮಾಡುವ ಒಂದು ದಾರಿ! ಇನ್ನು ಶ್ರಮದ ಲೆಕ್ಕ. ಎಳೆಗೂಸು ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಕುಡಿಯುತ್ತದೆ, ರಾತ್ರಿಯ ಸರದಿಯೂ ಸೇರಿ. ಒಂದೊಂದಕ್ಕೆ ಅರ್ಧ ಗಂಟೆಯೆಂದರೂ ನಾಲ್ಕರಿಂದ ಆರು ಗಂಟೆಯ ಕೆಲಸ. ಕೆಲವು ವಾರಗಳ ಮೇಲೆ ದಿನಕ್ಕೆ ಸುಮಾರು ಮುಕ್ಕಾಲು ಲೀಟರು ಹಾಲು. ಅದಕ್ಕಾಗಿ ತಾಯಿಗೆ ದಿನವೂ ಸುಮಾರು 500ರಿಂದ 600 ಕ್ಯಾಲೊರಿಯಷ್ಟು ಹೆಚ್ಚಿನ ಊಟ ಬೇಕು. ಆ ಊಟವನ್ನು ಬೇಯಿಸುವವರು ಯಾರು? ಆ ಆರು ಗಂಟೆ ಅವಳ ಉಳಿದ ಕೆಲಸವನ್ನು ಹೊರುವವರು ಯಾರು?

ನಮ್ಮ ಹಿಂದಿನವರಿಗೆ ಇದು ತಿಳಿದಿತ್ತು. ಬಾಣಂತನವೆಂದರೆ ಅದೇ ತಾನೆ? ಮೂರರಿಂದ ಐದು ತಿಂಗಳು ತವರಿನಲ್ಲಿ ನಿಂತು, ಎಣ್ಣೆ ನೀರು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ಬೆಚ್ಚಗಿನ ಕೋಣೆ, ಮಗುವನ್ನು ಎತ್ತಿಕೊಳ್ಳಲು ನಾಲ್ಕು ಕೈ. ಹಾಲು ತಾಯಿಯದಾದರೂ ಅದನ್ನು ಬರಿಸಿದ್ದು ಇಡೀ ಮನೆ. ಆ ಬಾಣಂತನದಲ್ಲಿ ದೋಷಗಳೂ ಇದ್ದವು. ಗಿಣ್ಣು ಚೆಲ್ಲಿಸಿದವರೂ, ಬಾಣಂತಿಗೆ ನೀರು ಕೊಡದೆ ಬಾಯಿ ಒಣಗಿಸಿದವರೂ ಅವರೇ. ಊರು ಬಿಟ್ಟು ಈ ಮಹಾನಗರಗಳಿಗೆ ಬಂದ ನಾವು ದೋಷಗಳೊಡನೆ ಆ ನಾಲ್ಕು ಕೈಗಳನ್ನೂ ಅಲ್ಲಿಯೇ ಬಿಟ್ಟುಬಂದೆವು. ಜೊತೆಯಲ್ಲಿ ತಂದದ್ದು "ಹಾಲು ಸಾಲುತ್ತಾ?" ಎಂಬ ಪ್ರಶ್ನೆಯೊಂದನ್ನೇ.

ಇದನ್ನು ಪರರ ಕಥೆಯಂತೆ ಹೇಳಿದರೆ ನ್ಯಾಯವಲ್ಲ. ನಮ್ಮ ಮಗ ಹುಟ್ಟಿದ್ದು 1988ರಲ್ಲಿ. ಆಗ ನಾವು ಡೊಂಬಿವಲಿಯ ಒಂದು ಚಾಳಿನಲ್ಲಿದ್ದೆವು. ನಮ್ಮಾಕೆ ವಿ.ಟಿ. ಬಳಿಯ ಒಂದು ಖಾಸಗಿ ಕಚೇರಿಯಲ್ಲಿ ಟೈಪಿಸ್ಟ್. ಆಗಿನ ಕಾನೂನಿನಂತೆ ಹೆರಿಗೆ ರಜೆ 12 ವಾರ. ಅದರಲ್ಲಿ ಮೂರು ವಾರ ಹೆರಿಗೆಗೆ ಮೊದಲೇ ಕಳೆದಿತ್ತು. ಮಗುವಿಗೆ ಎರಡು ತಿಂಗಳು ತುಂಬುತ್ತಲೇ ಅವಳು ಬೆಳಗಿನ ಲೋಕಲ್ ಹಿಡಿದಳು. ಮಗು ಪಕ್ಕದ ಮನೆಯ ಅಜ್ಜಿಯ ಪಾಲಿಗೆ. ಹೆರಿಗೆಯಾದ ನರ್ಸಿಂಗ್ ಹೋಮಿನಿಂದ ಹೊರಡುವಾಗಲೇ ಪುಡಿಹಾಲಿನ ಡಬ್ಬಿಯೊಂದನ್ನು ಉಚಿತವಾಗಿ ಕೈಗಿತ್ತಿದ್ದರು. ಅದು ಮುಗಿದ ಮೇಲೆ ಎರಡನೆಯದನ್ನು ಅಂಗಡಿಯಿಂದ ತಂದವರು ನಾವೇ. ಸಂಬಳ ಸಾಲದ ಆ ದಿನಗಳಲ್ಲಿ ಎಂಟು ದಿನದ ಡಬ್ಬಿಯನ್ನು ಹನ್ನೆರಡು ದಿನ ಬರಿಸಲು ಪುಡಿ ಕಡಿಮೆ, ನೀರು ಹೆಚ್ಚು ಆಗುತ್ತಿತ್ತು. ನೀರೋ, ಬೆಳಗಿನ ಜಾವ ನಲ್ಲಿಯಲ್ಲಿ ಬಂದಾಗ ಹಿಡಿದಿಟ್ಟದ್ದು. ನಾಲ್ಕನೆಯ ತಿಂಗಳಲ್ಲಿ ಮಗುವಿಗೆ ಭೇದಿ ಹಿಡಿಯಿತು. ಎಂಟು ದಿನ ಆಸ್ಪತ್ರೆಯಲ್ಲಿ ಸಲೈನ್. ದೇವರ ದಯೆ, ವೈದ್ಯರ ಶ್ರಮ, ಮಗು ಉಳಿಯಿತು.

ನಾಮಕರಣದ ದಿನ ರಾತ್ರಿ ನೆಂಟರೆಲ್ಲ ಹೋದ ಮೇಲೆ ನಮ್ಮಾಕೆ ಅಷ್ಟು ವರ್ಷ ಹೇಳದಿದ್ದ ಒಂದು ಮಾತು ಹೇಳಿದಳು. ಅಂದು ಕಚೇರಿಯಲ್ಲಿ ಮಧ್ಯಾಹ್ನವಾಗುತ್ತಲೇ ಎದೆ ಬಿಗಿದು ರವಕೆ ಒದ್ದೆಯಾಗುತ್ತಿತ್ತಂತೆ. ಬಚ್ಚಲಿಗೆ ಹೋಗಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಹಾಲನ್ನು ಹಿಂಡಿ ಚೆಲ್ಲುತ್ತಿದ್ದಳಂತೆ. ಅದೇ ಹೊತ್ತಿಗೆ ಇಲ್ಲಿ ಪಕ್ಕದ ಮನೆಯಲ್ಲಿ ಡಬ್ಬಿಯ ಪುಡಿ ಕಲೆಸುತ್ತಿತ್ತು. "ನನಗೆ ಹಾಲಿರಲಿಲ್ಲ ಅಂತ ನಿಮ್ಮ ಅಕ್ಕ ಇವತ್ತಿಗೂ ಅಂತಾರೆ. ಹಾಲಿತ್ತು, ಮಗು ಇರಲಿಲ್ಲ" ಎಂದಳು.

ಮಗುವಿಗೆ 15 ತಿಂಗಳು ತುಂಬುವವರೆಗೆ ದಿನಕ್ಕೆ ಎರಡು ಬಾರಿ ಹಾಲೂಡಲು ಬಿಡುವು ಕೊಡಬೇಕೆಂದು 1961ರ ಹೆರಿಗೆ ಸೌಲಭ್ಯ ಕಾಯಿದೆ ಆಗಲೇ ವಿಧಿಸಿತ್ತು. ತಾಯಿ ವಿ.ಟಿ.ಯಲ್ಲಿ, ಮಗು ಡೊಂಬಿವಲಿಯಲ್ಲಿ ಇರುವಾಗ ಆ ಬಿಡುವನ್ನು ಯಾವ ರೈಲು ಮುಟ್ಟಿಸೀತು? ಹಕ್ಕನ್ನು ಕೊಟ್ಟು ಅದನ್ನು ನಡೆಸಿಕೊಳ್ಳುವ ದಾರಿ ಕೊಡದಿದ್ದರೆ ಅದು ಚಿತ್ರದ ಹಲಸಿನ ಹಣ್ಣು.

ಪುಡಿಹಾಲು ವಿಷವೆಂದು ನಾವು ಹೇಳುತ್ತಿಲ್ಲ. ಕ್ಯಾನ್ಸರಿಗೆ ಔಷಧಿ ತೆಗೆದುಕೊಳ್ಳುತ್ತಿರುವ ತಾಯಿಯ ಮಗುವಿಗೆ, ಹಾಲಿನ ಸಕ್ಕರೆಯನ್ನು ಜೀರ್ಣಿಸಲಾಗದ ಅಪರೂಪದ ಜನ್ಮದೋಷದ ಮಗುವಿಗೆ, ತಾಯಿಯೇ ಇಲ್ಲದ ಮಗುವಿಗೆ ವೈದ್ಯರು ಆರಿಸಿಕೊಟ್ಟ ಬದಲಿ ಆಹಾರ ಜೀವರಕ್ಷಕ. ತಪ್ಪು ಇರುವುದು ಅದನ್ನು ಬೇಡದವರಿಗೆ ಬೇಕೆನಿಸುವಂತೆ ಮಾರುವುದರಲ್ಲಿ. 1939ರಲ್ಲಿಯೇ ಸಿಂಗಪುರದಲ್ಲಿ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ, ಎಳೆಯ ಮಕ್ಕಳಿಗೆ ಡಬ್ಬಿಹಾಲು ಕುಡಿಸಿರೆಂಬ ತಪ್ಪು ಪ್ರಚಾರದಿಂದಾಗುವ ಸಾವುಗಳನ್ನು ಕೊಲೆಯೆಂದೇ ಎಣಿಸಬೇಕೆಂದು ಸಭೆಯಲ್ಲಿ ಗುಡುಗಿದ್ದರು. ಜಗತ್ತು ಕಿವಿಗೊಡಲು ನಾಲ್ಕು ದಶಕ ಹಿಡಿಯಿತು. 1981ರಲ್ಲಿ ವಿಶ್ವ ಆರೋಗ್ಯ ಸಭೆ ಇಂತಹ ಮಾರಾಟಕ್ಕೆ ಅಂತಾರಾಷ್ಟ್ರೀಯ ಸಂಹಿತೆಯೊಂದನ್ನು ಅಂಗೀಕರಿಸಿತು. ಪರವಾಗಿ 118 ದೇಶ, ವಿರುದ್ಧವಾಗಿ ಒಂದೇ ಒಂದು, ಅಮೆರಿಕ. ನಮ್ಮ ದೇಶ 1992ರಲ್ಲಿ ಕಾಯಿದೆ ಮಾಡಿ, 2003ರಲ್ಲಿ ಅದನ್ನು ಇನ್ನೂ ಬಿಗಿಗೊಳಿಸಿತು. ಶಿಶುಗಳ ಪುಡಿಹಾಲಿಗೆ, ಹಾಲಿನ ಬಾಟಲಿಗೆ ಜಾಹೀರಾತು ಕೂಡದು. ಉಚಿತ ಡಬ್ಬಿ ಹಂಚಕೂಡದು. ಡಬ್ಬಿಯ ಮೇಲೆ ನಗುವ ಮಗುವಿನ ಚಿತ್ರವೂ ಕೂಡದು. ನಮ್ಮ ಕೈಗೆ ಬಂದಂತಹ ಡಬ್ಬಿಯನ್ನು ಇಂದು ಕೊಟ್ಟರೆ ಅದು ಅಪರಾಧ.

ಕಾನೂನು ಬಂದಿದೆ, ಹೆರಿಗೆ ರಜೆಯೂ 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರವಾಯಿತು. ಇನ್ನು ಉಳಿದದ್ದು ತಾಯಿಯ ಮನಸ್ಸೊಂದೇ ಅಲ್ಲವೆ ಎಂದು ಯಾರಾದರೂ ಕೇಳಬಹುದು. ಅದಕ್ಕೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಎರಡು ಅಂಕಿಗಳೇ ಉತ್ತರ. ಆಸ್ಪತ್ರೆಗಳಲ್ಲಿ ಆದ ಹೆರಿಗೆ ನೂರಕ್ಕೆ 88.6. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕ ಮಕ್ಕಳು ನೂರಕ್ಕೆ 41.8 ಮಾತ್ರ. ವೈದ್ಯರು, ದಾದಿಯರು ಸುತ್ತ ಇರುವ ಕಟ್ಟಡದಲ್ಲಿಯೇ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಮೊದಲ ಗಂಟೆಯ ಹಾಲು ತಪ್ಪುತ್ತಿದೆ. ಹೆತ್ತು ಒಂದು ಗಂಟೆಯೂ ಆಗದೆ ಮಲಗಿರುವ, ಎಷ್ಟೋ ಸಲ ಹೊಟ್ಟೆ ಕೊಯ್ಸಿಕೊಂಡಿರುವ ಆ ಹೆಂಗಸನ್ನು ಇದಕ್ಕೆ ಹೊಣೆ ಮಾಡೋಣವೆ? ಮಗುವನ್ನು ಎತ್ತಿ ಅವಳ ಎದೆಗೆ ಇಡಬೇಕಾದದ್ದು ಬೇರೆಯವರ ಕೈ. ಇನ್ನು ಆ 26 ವಾರ ಸಲ್ಲುವುದು ಸಂಬಳದ ಚೀಟಿ ಇರುವವರಿಗೆ. ನಮ್ಮ ಮನೆಯ ಪಾತ್ರೆ ತೊಳೆಯುವವಳು ಹೆತ್ತರೆ ಅವಳಿಗೆ ರಜೆ ಕೊಡಬೇಕಾದವರು ನಾವು. ಎಷ್ಟು ವಾರ ಕೊಟ್ಟಿದ್ದೇವೆ? ಆ ದಿನಗಳ ಸಂಬಳ ಹಿಡಿದೆವೋ, ಕೊಟ್ಟೆವೋ? ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯಲ್ಲಿ ಕೇಳಿಕೊಳ್ಳಲಿ. 1969ರಲ್ಲಿ ದೆಹಲಿಯ ರಾಜಘಾಟದ ಕಟ್ಟಡದ ಕೆಲಸದಲ್ಲಿ ಕೂಲಿ ತಾಯಂದಿರ ಮಕ್ಕಳು ಧೂಳಿನಲ್ಲಿ ಬಿದ್ದಿರುವುದನ್ನು ಕಂಡು ಮೀರಾ ಮಹಾದೇವನ್ ಅಲ್ಲಿಯೇ ಶಿಶುಪಾಲನಾ ಕೇಂದ್ರ ತೆರೆದರು. 'ಮೊಬೈಲ್ ಕ್ರೆಷಸ್' ಹುಟ್ಟಿದ್ದು ಹಾಗೆ. ಅವರು ಆ ತಾಯಂದಿರಿಗೆ ತಾಯ್ತನದ ಉಪದೇಶ ಮಾಡಲಿಲ್ಲ. ಮಗುವನ್ನು ತಾಯಿಯ ಕೆಲಸದ ಹತ್ತಿರ ತಂದಿಟ್ಟರು.

ಹೆತ್ತ ತಾಯಿಗೆ ಆಗದೆಯೇ ಹೋದರೆ? ನಮ್ಮ ಪುರಾಣಗಳು ಇದಕ್ಕೆ ನಾಚಿಕೊಳ್ಳಲಿಲ್ಲ. ಕೃಷ್ಣನನ್ನು ಹೆತ್ತವಳು ದೇವಕಿ, ಹಾಲೂಡಿದವಳು ಯಶೋದೆ. ಷಣ್ಮುಖನಿಗೆ ಹಾಲೂಡಿದವರು ಆರು ಮಂದಿ ಕೃತ್ತಿಕೆಯರು. ಅವರಿಂದಲೇ ಅವನು ಕಾರ್ತಿಕೇಯನಾದ. ಮಾಟುಂಗದಿಂದ ಕೂಗಳತೆಯಲ್ಲಿರುವ ಸಾಯನ್ ಆಸ್ಪತ್ರೆಯಲ್ಲಿ 1989ರಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ ಅವರು ತಾಯಿಹಾಲಿನ ಬ್ಯಾಂಕನ್ನು ಆರಂಭಿಸಿದರು. ಏಷ್ಯಾದಲ್ಲಿಯೇ ಅದು ಮೊದಲನೆಯದು. ದಾನಿ ತಾಯಂದಿರಿಂದ ಪಡೆದ ಹಾಲನ್ನು ಇಂತಹ ಬ್ಯಾಂಕುಗಳಲ್ಲಿ 62.5 ಡಿಗ್ರಿ ಶಾಖದಲ್ಲಿ ಅರ್ಧ ಗಂಟೆಯಿಟ್ಟು ಶುದ್ಧಿ ಮಾಡಿ, ಹೆಪ್ಪುಗಟ್ಟಿಸಿ ಕಾಪಾಡುತ್ತಾರೆ. ದಿನ ತುಂಬುವ ಮೊದಲೇ ಹುಟ್ಟಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿರುವ ಕೂಸುಗಳಿಗೆ ಅದು ಅಮೃತ. ಕುಡಿದ ಮಗುವಿನ ಜಾತಿಯನ್ನು ಕೊಟ್ಟವಳು ಕೇಳುವುದಿಲ್ಲ, ಕೊಟ್ಟವಳ ಜಾತಿ ಕುಡಿದ ಮಗುವಿಗೆ ತಿಳಿಯುವುದಿಲ್ಲ. ಆ ಹಾಲಿನ ಋಣವನ್ನು ಯಾವ ಮಗು ಯಾವ ತಾಯಿಗೆ ತೀರಿಸೀತು?

ಹಾಲಿಗೆ ಬೆಲೆ ಕಟ್ಟಿ ಮಾರುವವರೂ ಹುಟ್ಟಿಕೊಂಡರು. 2024ರ ಮೇ ತಿಂಗಳಲ್ಲಿ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ, ತಾಯಿಹಾಲಿನ ವ್ಯಾಪಾರಕ್ಕೆ ಅನುಮತಿಯಿಲ್ಲವೆಂದು ಎಚ್ಚರಿಸಬೇಕಾಯಿತು. ಕೊಟ್ಟ ತಾಯಿಗೆ ಹಣ ಬಂದರೆ ತಪ್ಪೇನು ಎಂಬ ವಾದವಿದೆ. ಆದರೆ ಬಡವಳು ಹಾಲು ಮಾರಲು ಹೊರಟರೆ ಮೊದಲು ಕಡಿಮೆಯಾಗುವುದು ಅವಳ ಮಗುವಿನ ಪಾಲು. ಮಾರುವ ಹಾಲು ಬಲ್ಲಿದರ ಮನೆಗೆ ಹರಿಯುತ್ತದೆ, ಕೊಟ್ಟ ಹಾಲು ಹಸಿದವರ ಕಡೆಗೆ ಹರಿಯುತ್ತದೆ. ಈ ಭೇದವನ್ನು ಕಾಯ್ದುಕೊಳ್ಳುವುದು ಲೇಸು.

ಬಾಲ್ಯದಲ್ಲಿ ನಾವೆಲ್ಲ ಗೋವಿನ ಹಾಡನ್ನು ಕೇಳಿ ಅತ್ತವರೇ. ಪುಣ್ಯಕೋಟಿಯ ಸತ್ಯವನ್ನು ಅದರಿಂದ ಕಲಿತೆವು. ಈ ವಯಸ್ಸಿನಲ್ಲಿ ನೆನೆದರೆ ಬೇರೆ ಎರಡು ಸಂಗತಿ ಕಣ್ಣಿಗೆ ಬೀಳುತ್ತವೆ. ಕರುವಿಗೆ ಹಾಲೂಡಿ ಬರುತ್ತೇನೆಂದಾಗ ಹಸಿದ ಹುಲಿ ಕೂಡ ಅವಳಿಗೆ ಬಿಡುವು ಕೊಟ್ಟಿತು. ಅವಳು ಹಿಂತಿರುಗಿ ಹೊರಟಾಗ ತನ್ನ ಕರುವನ್ನು ಒಪ್ಪಿಸಿದ್ದು ದೊಡ್ಡಿಯ ಅಕ್ಕತಂಗಿಯರಿಗೆ, ತನ್ನಂತೆಯೇ ನೋಡಿಕೊಳ್ಳಿರೆಂದು. ಬಿಡುವು ಕೊಡುವ ಹುಲಿ, ನೋಡಿಕೊಳ್ಳುವ ದೊಡ್ಡಿ, ಇವೆರಡೂ ಇದ್ದುದರಿಂದಲೇ ಪುಣ್ಯಕೋಟಿಗೆ ತನ್ನ ಧರ್ಮ ನಡೆಸಲು ಸಾಧ್ಯವಾಯಿತು. ನಾವು ಹುಲಿಗಿಂತ ಕಡೆಯಾಗಬಾರದು.

ಆದುದರಿಂದ ಹಾಲಿನ ಋಣದ ಲೆಕ್ಕವನ್ನು ತಿದ್ದಿ ಬರೆಯಬೇಕೆಂಬುದು ನಮ್ಮ ವಿನಂತಿ. ಹಾಲೂಡುವ ತಾಯಿಗೆ ಮೊದಲ ಸಾಲಗಾರ ಮಗುವಲ್ಲ. ನಿದ್ದೆಗೆ ಗಂಡ ಸಾಲಗಾರ, ಊಟಕ್ಕೆ ಮನೆ, ಮೊದಲ ಗಂಟೆಗೆ ಆಸ್ಪತ್ರೆ, ಬಿಡುವಿಗೆ ಕಚೇರಿ. ಇವರೆಲ್ಲ ತಮ್ಮ ತಮ್ಮ ಪಾಲನ್ನು ಕೊಟ್ಟ ಮೇಲೂ ಹಾಲು ಬಾರದೆ ಹೋದರೆ, ಅಥವಾ ಅವಳು ಬೇರೆ ದಾರಿಯನ್ನೇ ಆರಿಸಿಕೊಂಡರೆ, ಅವಳನ್ನು ಆಕ್ಷೇಪಿಸುವ ಅಧಿಕಾರ ಯಾರಿಗೂ ಇಲ್ಲ.

ಕೊನೆಗೆ ನಮ್ಮ ಸಂಘದ ಮಾತು. ರಾಜ್ಯೋತ್ಸವಕ್ಕೆ, ಯಕ್ಷಗಾನಕ್ಕೆ ಎಳೆಗೂಸನ್ನು ಎತ್ತಿಕೊಂಡು ಬರುವ ಸೊಸೆಯಂದಿರು ನಡುವೆಯೇ ಎದ್ದು, ಮೆಟ್ಟಿಲ ಕೆಳಗೆ ಗೋಡೆಗೆ ಮುಖ ಮಾಡಿ ಕೂರುವುದನ್ನು ನಾವೆಲ್ಲ ಕಂಡಿದ್ದೇವೆ, ಕಂಡೂ ಕಾಣದಂತೆ ಸರಿದು ಹೋಗಿದ್ದೇವೆ. ರಂಗದ ಹಿಂದೆ ಹಳೆಯ ಪರದೆ, ಮುರಿದ ಕುರ್ಚಿಗಳನ್ನು ತುಂಬಿರುವ ಒಂದು ಕೋಣೆಯಿದೆ. ಅದನ್ನು ತೆರವು ಮಾಡಿ ಎರಡು ಕುರ್ಚಿ, ಒಂದು ಪಂಖಾ, ಕುಡಿಯುವ ನೀರು, ಒಳಗಿನಿಂದ ಅಗುಳಿ ಇಷ್ಟನ್ನು ಮಾಡಿದರೆ ಸಾಕು. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ವಿಷಯ ಎತ್ತಲಿದ್ದೇವೆ. ಪಂಖಾದ ಖರ್ಚು ನಮ್ಮದು. 1988ರ ಆ ಎರಡನೆಯ ಡಬ್ಬಿಯ ಲೆಕ್ಕ ಇದರಿಂದ ತೀರುವುದಿಲ್ಲವೆಂಬುದು ನಮಗೆ ಗೊತ್ತು.